ಬ್ರಹ್ಮಚಾರಿಯ ಕಾರಿನಲ್ಲಿ ಎರಡು ತೂತು

ತಲೆ ಕೆಳಗೆ, ಕಾಲು ಮೇಲೆ. ಐವತ್ತಾರು ವರ್ಷದ ಹೆಂಗಸು ಇಬ್ಬರು ಗಂಡಸರ ಎದುರು ಎಂದೂ ಇರಬಾರದ ಭಂಗಿಯಲ್ಲಿ ನಾನಿದ್ದೆ. ಬೆನ್ನು ಸೀಟಿನ ಮೇಲೆ, ಮಂಡಿಗಳು ಸೀಟಿನ ಒರಗಿನ ಮೇಲೆ, ತಲೆ ಪೆಡಲುಗಳ ಪಕ್ಕದ ಕತ್ತಲಲ್ಲಿ. ಬಾಯಲ್ಲಿ ಟಾರ್ಚು, ಕೈಯಲ್ಲಿ ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ.

ಡ್ಯಾಶ್‌ಬೋರ್ಡನ್ನು ಮುಂದಿನಿಂದ ನೋಡುವುದು ಕೊಳ್ಳುವವನ ಕೆಲಸ. ಹಿಂದಿನಿಂದ ನೋಡುವುದು ನನ್ನ ಕೆಲಸ. ಮುಂದಿನಿಂದ ಎಲ್ಲ ಕಾರೂ ಚೆನ್ನಾಗಿಯೇ ಕಾಣುತ್ತವೆ.

“ಸಿನ್ಯೋರಾ ನೋರ್ಮಾ, ಜೀವ ಇದೆಯಾ?” ಮೇಲಿನಿಂದ ರೊವಾತ್ತಿಯ ದನಿ ಬಂತು. ಹಳೇ ಕಾರುಗಳನ್ನು ಮಾರುವವನು. ತನ್ನ ದನಿಗೂ ಪಾಲಿಶ್ ಹಾಕಿಕೊಂಡವನು.

“ಮಂಡಿ ಎರಡು ಬಿಟ್ಟು ಮಿಕ್ಕಿದ್ದೆಲ್ಲ ಇದೆ,” ಎಂದೆ.

ಅವನ ಪಕ್ಕದಲ್ಲಿ ನನ್ನನ್ನು ಗೊತ್ತುಮಾಡಿಕೊಂಡಿದ್ದ ಎರ್ಮೆಸ್ ಕವಾನಿ ನಿಂತಿದ್ದ. ಟೈಲ್ಸ್ ಕಾರ್ಖಾನೆಯ ಮೇಸ್ತ್ರಿ. ಜೀವಮಾನದಲ್ಲಿ ಒಂದೇ ಒಂದು ಸಣ್ಣ ಕಾರು ಕೊಂಡು, ಅದರ ಸೀಟಿನ ಪ್ಲಾಸ್ಟಿಕ್ಕನ್ನು ಇವತ್ತಿಗೂ ಕಿತ್ತಿಲ್ಲದ ಮನುಷ್ಯ. ಅಂಥವನು ಸಂಜೆ ಆರರೊಳಗೆ ಈ ಬೆಲ್ತ್ರಾಮಿ ಸ್ಪೋರ್ಟ್ಸ್ ಕಾರನ್ನು ಕೊಳ್ಳುತ್ತೇನೋ ಇಲ್ಲವೋ ಹೇಳಬೇಕಿತ್ತು. ಆರಕ್ಕೆ ಜೂರಿಕ್‌ನಿಂದ ಇನ್ನೊಬ್ಬ ಗಿರಾಕಿ ಬರುತ್ತಾನೆ ಎಂದು ರೊವಾತ್ತಿ ಬೆಳಗಿನಿಂದ ಹಾಡುತ್ತಿದ್ದ. ಮಾರುವವರ ಬಾಯಲ್ಲಿ ಜೂರಿಕ್‌ನ ಗಿರಾಕಿ ಯಾವಾಗಲೂ ದಾರಿಯಲ್ಲೇ ಇರುತ್ತಾನೆ. ನಾನು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಕಳೆದ ವಾರ ಎಂಜಿನ್ನೂ ಕಾಗದಪತ್ರವೂ ನೋಡಿ ಮುಗಿದಿತ್ತು. ಎರಡೂ ಚೊಕ್ಕ. ಅಷ್ಟು ಚೊಕ್ಕವಾಗಿದ್ದದ್ದೇ ನನಗೆ ಹಿಡಿಸಿರಲಿಲ್ಲ.

ಈ ಎಂಬತ್ತೊಂಬತ್ತನೇ ಇಸವಿ ನಮ್ಮ ಮೊದೆನಾ ಊರಿನವರಿಗೆ ತಲೆ ಕೆಟ್ಟ ವರ್ಷ. ಹಳೇ ಸ್ಪೋರ್ಟ್ಸ್ ಕಾರಿನ ಬೆಲೆ ವಾರದಿಂದ ವಾರಕ್ಕೆ ಏರುತ್ತಿದೆ. ಹಂದಿಮಾಂಸದ ಅಂಗಡಿಯವನು ಕೊಂಡ, ಹಲ್ಲಿನ ಡಾಕ್ಟರು ಕೊಂಡರು, ನಮ್ಮ ಪಾದ್ರಿಗಳ ತಂಗಿ ಕೂಡ ಅರ್ಧ ಕಾರು ಕೊಂಡಿದ್ದಾಳೆ. ಮಿಕ್ಕರ್ಧ ಅವಳ ಭಾವನದು. ಒಬ್ಬರೂ ಓಡಿಸುವುದಿಲ್ಲ. ಹೊದಿಕೆ ಹೊದಿಸಿ, ಬಾಗಿಲಿಗೆ ಬೀಗ ಜಡಿದು, ಬೆಲೆ ಏರಲಿ ಎಂದು ಕಾಯುತ್ತಾರೆ. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಗಾಳಿ ನಿಂತ ದಿನ ತಲೆ ಮೇಲೆ ಹೊಟ್ಟು ಬೀಳುತ್ತದೆ ಎಂದು ನಾನು ಹೇಳಿದರೆ, “ನಿಮಗೆ ವಯಸ್ಸಾಯ್ತು ನೋರ್ಮಾ” ಎನ್ನುತ್ತಾರೆ. ಆಗಿದೆ. ಈ ತಿಂಗಳಲ್ಲಿ ಹೀಗೆ ತಲೆಕೆಳಗಾಗಿ ಎಷ್ಟು ಕಾರಿನೊಳಗೆ ಇಳಿದೆನೋ, ಅಷ್ಟು ಮನೆಗಳಲ್ಲಿ ಬೈಸಿಕೊಂಡಿದ್ದೇನೆ. ಬೇಡ ಎಂದವಳನ್ನು ಯಾರು ಇಷ್ಟಪಡುತ್ತಾರೆ?

ಎರ್ಮೆಸ್‌ನ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಇದ್ದದ್ದು ಅವನ ಅಮ್ಮನ ಪೀಪಾಯಿಗಳು.

ಹೆಣ್ಣು ಮಗು ಹುಟ್ಟಿದರೆ ಅಟ್ಟದ ಮೇಲೆ ಒಂದು ಸಾಲು ಪೀಪಾಯಿ ಇಟ್ಟು ದ್ರಾಕ್ಷಿಯ ವಿನೆಗರ್ ಹಾಕುವುದು ನಮ್ಮ ಕಡೆಯ ರೂಢಿ. ಮಗು ಬೆಳೆದಂತೆ ಅದೂ ಕಪ್ಪಾಗಿ, ದಪ್ಪಗಾಗಿ, ಸಿಹಿಯಾಗುತ್ತದೆ. ಮದುವೆಗೆ ಅದೇ ಬಳುವಳಿ. ಸಾಲಿಗೆ ಮಗುವಿನ ಹೆಸರೇ ಇಡುತ್ತಾರೆ. ಎರ್ಮೆಸ್‌ನ ಮನೆಯಲ್ಲಿದ್ದ ಸಾಲಿನ ಹೆಸರು ದಿರ್ಚೆ. ಅವನಮ್ಮ ಹುಟ್ಟಿದ ವರ್ಷದ್ದು. ಯುದ್ಧದ ಕಾಲದಲ್ಲಿ ಜರ್ಮನ್ನರ ಕಣ್ಣಿಗೆ ಬೀಳದಿರಲೆಂದು ಅಡ್ಡಗೋಡೆ ಕಟ್ಟಿ ಉಳಿಸಿಕೊಂಡದ್ದು. ಮುಂದೆ ಅದು ಎರ್ಮೆಸ್‌ನ ಮಗಳು ಸಬೀನಾಗೆ ಹೋಗಬೇಕಿತ್ತು. ಈಗ ಮಿಲಾನಿನ ಹೋಟೆಲಿನವನೊಬ್ಬನ ವ್ಯಾನು ಪೀಪಾಯಿಗಳನ್ನು ಹೇರಿಕೊಂಡು ಸ್ಪಿಲಂಬೆರ್ತೊದಲ್ಲಿ ಅವರ ಮನೆಯೆದುರು ನಿಂತಿತ್ತು. ಎರ್ಮೆಸ್ ಇಲ್ಲಿಂದ ಹೂಂ ಎಂದು ಫೋನ್ ಮಾಡಿದರೆ ವ್ಯಾನು ಹೊರಡುತ್ತದೆ. ಹೋದರೆ ಹೋಯಿತು. ಕಾರು ಇನ್ನೊಂದು ಸಿಕ್ಕೀತು, ಅಂಥ ವಿನೆಗರ್ ಆ ಹುಡುಗಿಯ ಜನ್ಮದಲ್ಲಿ ಇನ್ನೊಂದು ಸಿಗುವುದಿಲ್ಲ.

ನಮ್ಮ ಕಡೆ ಮನೆಗೆ ಬೆಂಕಿ ಬಿದ್ದರೆ ಮೊದಲು ಪೀಪಾಯಿ ಇಳಿಸುತ್ತಾರೆ, ಆಮೇಲೆ ಅತ್ತೆಯನ್ನು. ಅಂಥದ್ದರಲ್ಲಿ ಮಾರು ಎಂದವಳು ಸ್ವತಃ ದಿರ್ಚೆ. ಅಳಲಿಲ್ಲ, ಬೈಯಲಿಲ್ಲ. ಒಂದೇ ಕಪ್ಪು ಕೋಟಿಗೆ ಅಸ್ತರು ಬದಲಿಸಿ ಬದಲಿಸಿ ಹಾಕಿಕೊಳ್ಳುವ ವಿಧವೆ, ಮಗನಿಗೆ “ಆ ಕಾರು ತಗೋ” ಎಂದಳಂತೆ. ಯಾಕೆ? ಅದೊಂದು ಮಾತ್ರ ನನಗೆ ಬಗೆಹರಿದಿರಲಿಲ್ಲ.

ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದೆ. ಆಗ ಕಂಡಿತು.

ಡ್ಯಾಶ್‌ಬೋರ್ಡಿನ ಅಲ್ಯೂಮಿನಿಯಂ ತಗಡಿನ ಹಿಂಬದಿಯಲ್ಲಿ, ಸ್ಟೀರಿಂಗಿನ ಬಲಗಡೆಗೆ, ಬೂದು ಬಣ್ಣದ ಪುಟ್ಟಿ ಮೆತ್ತಿ ಮುಚ್ಚಿದ ಒಂದು ಚುಕ್ಕೆ. ಅದರ ಸುತ್ತ ತಗಡು ನನ್ನ ಕಡೆಗೆ ಹರಿದುಕೊಂಡು ಮೊಗ್ಗಿನ ಹಾಗೆ ಎದ್ದಿತ್ತು. ಬೆರಳಿನಿಂದ ಸವರಿದೆ. ಚರ್ಮ ಗೀರಿತು. ಪಕ್ಕದಲ್ಲೇ ಅಂಥದೇ ಇನ್ನೊಂದು. ಮೊದಲನೆಯದು ನೆಟ್ಟಗೆ ಬಂದಿತ್ತು. ಎರಡನೆಯದು ಸೊಟ್ಟ, ಓರೆಯಾಗಿ ಸೀಳಿಕೊಂಡು ಬಂದಿತ್ತು.

“ಇಲ್ಲೊಂದು ತೂತು ಮುಚ್ಚಿದ್ದಾರೆ,” ಎಂದು ಕೂಗಿದೆ.

“ಒಂದೇನಾ?” ಎಂದ ರೊವಾತ್ತಿ. “ಎರಡಿಲ್ವಾ?”

ನಾನು ಟಾರ್ಚು ಆರಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಇಷ್ಟು ಬೇಗ ಮುಟ್ಟಿಕೊಂಡವನನ್ನು ಕಂಡಿರಲಿಲ್ಲ.

ಹೊರಗೆ ಬರಲು ಎರ್ಮೆಸ್ ಕೈ ಕೊಡಬೇಕಾಯಿತು. ರೊವಾತ್ತಿಯ ಅಂಗಡಿ ಮೊದಲು ಚೀಸಿನ ಉಗ್ರಾಣವಾಗಿತ್ತು. ಎಷ್ಟು ಸುಣ್ಣ ಬಳಿದರೂ ಗೋಡೆಗಳಿಂದ ಚೀಸಿನ ವಾಸನೆ ಹೋಗಿಲ್ಲ. ಹೊರಗೆ ನವೆಂಬರಿನ ಮಂಜು ಕಿಟಕಿಗೆ ಅಂಟಿಕೊಂಡಿತ್ತು. ನಾನೊಂದು ಕುರ್ಚಿ ಎಳೆದುಕೊಂಡು ಕೂತೆ. ನಿಂತು ಜಗಳವಾಡುವ ವಯಸ್ಸು ಹೋಯಿತು.

“ರೊವಾತ್ತಿ, ಈ ಕಾರಿನ ಕಥೆ ಇನ್ನೊಂದ್ಸಲ ಹೇಳಿ.”

“ಎಷ್ಟು ಸಲ ಸಿನ್ಯೋರಾ? ಲುಗಾನೊದ ನೋಟರಿಯವರದ್ದು. ಅವರೊಬ್ಬರೇ ಮಾಲೀಕರು. ಐವತ್ತೇಳರಲ್ಲಿ ಹೊಸದಾಗಿ ಕೊಂಡಿದ್ದು. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಮರಿಯಿಲ್ಲ. ಕಾರೇ ಅವರ ಹೆಂಡ್ತಿ. ಹೋದ ವರ್ಷ ತೀರಿಕೊಂಡ್ರು.”

“ಆ ಬ್ರಹ್ಮಚಾರಿ ಡ್ಯಾಶ್‌ಬೋರ್ಡಿಗೆ ಮೊಳೆ ಯಾಕೆ ಹೊಡೆದ?”

“ಮೊಳೆಯಾ? ಛೆ ಛೆ. ಸ್ಟಾಪ್‌ವಾಚ್ ಕೂರಿಸೋಕೆ ತೂತು ಹಾಕಿಸಿರ್ತಾರೆ. ರೇಸಿನವರೆಲ್ಲ ಹಾಕಿಸ್ತಿದ್ರು.”

“ಗ್ಯಾರೇಜಿನಲ್ಲಿ ಹಾಕಿಸಿದ್ರೆ ಡ್ರಿಲ್ಲಿನಲ್ಲಿ ಹಾಕ್ತಾರೆ, ಅಂಚು ನುಣ್ಣಗಿರುತ್ತೆ. ಇದು ಮನೇಲಿದ್ದ ಮೊಳೆ. ಮುಂದಿನಿಂದ ಹಿಂದಕ್ಕೆ ಬಡಿದಿದ್ದಾರೆ, ತಗಡು ಹರಿದಿದೆ. ಇಷ್ಟು ದುಬಾರಿ ಕಾರಿಗೆ ಹೀಗೆ ಮೊಳೆ ಬಡಿಯೋನು ಒಬ್ಬನೇ. ಹೆಂಡ್ತಿ ಬಾಗಿಲಲ್ಲಿ ನಿಂತು, ‘ಈಗಲೇ ಹಾಕ್ತೀಯೋ, ಇಲ್ಲ ನಾನು ಊಟ ಬಿಡಲೋ’ ಅಂದ ಗಂಡ.”

ಎರ್ಮೆಸ್‌ಗೆ ಅರ್ಥವಾಗಲಿಲ್ಲ. “ಏನು ಹಾಕೋದು?”

“ಫಲಕ ಕಣೋ. ಆಗಿನ ಕಾಲದಲ್ಲಿ ಸಂಸಾರಸ್ಥರ ಕಾರಲ್ಲೆಲ್ಲ ಇರ್ತಿತ್ತಲ್ಲ. ಒಂದು ಕಡೆ ಹೆಂಡ್ತಿ ಫೋಟೋ, ಇನ್ನೊಂದು ಕಡೆ ಮಗೂದು, ಕೆಳಗೆ ‘ಅಪ್ಪಾ, ಜೋರಾಗಿ ಓಡಿಸಬೇಡ’ ಅಂತ. ಹಿಂದೆ ಅಯಸ್ಕಾಂತ ಇರ್ತಿತ್ತು, ಕಬ್ಬಿಣದ ಡ್ಯಾಶ್‌ಬೋರ್ಡಿಗೆ ತಾನೇ ಅಂಟ್ಕೋತಿತ್ತು. ಇದು ಅಲ್ಯೂಮಿನಿಯಂ. ಅಯಸ್ಕಾಂತ ಹಿಡಿಯಲ್ಲ. ಮೊಳೆ ಹೊಡೆದು, ಅದೇ ತೂತಿಗೆ ಸ್ಕ್ರೂ ಕೂರಿಸಬೇಕು.”

“ನೋಟರಿಯವರಿಗೆ ಸೋದರಳಿಯ ಇದ್ದಿರಬಹುದು,” ಎಂದ ರೊವಾತ್ತಿ.

“ಸೋದರಳಿಯ ಮಾವನ್ನ ಅಪ್ಪಾ ಅಂತ ಕರೀತಾನಾ?”

ರೊವಾತ್ತಿ ಕೋಟಿನ ಗುಂಡಿ ಹಾಕಿಕೊಂಡ, ಬಿಚ್ಚಿಕೊಂಡ. ಇನ್ನೊಂದು ಸುಳ್ಳು ಹುಡುಕುತ್ತಿದ್ದ ಎಂದು ಕಾಣುತ್ತದೆ. ಅಷ್ಟರಲ್ಲಿ ಎರ್ಮೆಸ್ ಕಾರಿನ ಬಾಗಿಲು ತೆರೆದು ಒಳಗೆ ಕೂತುಬಿಟ್ಟಿದ್ದ. ಚಾಲಕನ ಸೀಟಿನಲ್ಲಲ್ಲ, ಪಕ್ಕದ್ದರಲ್ಲಿ.

ಅವನ ಕೈ ನುಣ್ಣಗಿನ ಬೂದು ಬಣ್ಣದ ಮೇಲೆ ಹುಡುಕುತ್ತ ಹೋಗಿ ಒಂದು ಕಡೆ ನಿಂತಿತು. ಮುಂದಿನಿಂದ ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆದರೂ ಅದೇ ಜಾಗ.

“ಎರಡನೇದು ಸೊಟ್ಟಗಿದೆಯಾ?” ಎಂದು ಕೇಳಿದ.

ಸೊಟ್ಟ ಎಂದು ನಾನು ಯಾರಿಗೂ ಹೇಳಿರಲಿಲ್ಲ.

“ಸೊಟ್ಟಗಿದೆ,” ಎಂದೆ.

ಎರ್ಮೆಸ್ ಎಡಗೈ ಹೆಬ್ಬೆರಳನ್ನು ಎತ್ತಿ ತೋರಿಸಿದ. ಉಗುರಿನ ನಡುವೆ ಬುಡದಿಂದ ತುದಿಯವರೆಗೆ ಒಂದು ಏಣು. “ಮೊಳೆ ಹಿಡಿದಿದ್ದೋನು ನಾನೇ. ಅಪ್ಪ ಬೂಟಿನ ಹಿಮ್ಮಡೀಲಿ ಹೊಡೀತಿದ್ರು. ಮೊದಲನೇದು ಸರಿಯಾಗಿ ಹೋಯ್ತು. ಎರಡನೇದು ಹೊಡೆಯೋವಾಗ ನಾನು ಕೈ ಅಲ್ಲಾಡಿಸಿದೆ, ಪೆಟ್ಟು ನನ್ನ ಹೆಬ್ಬೆರಳಿಗೆ ಬಿತ್ತು. ಫಲಕದಲ್ಲಿ ಎಡಕ್ಕೆ ಅಮ್ಮನ ಫೋಟೋ, ಬಲಕ್ಕೆ ನಂದು. ನಾನು ಉಣ್ಣೆ ಟೋಪಿ ಹಾಕಿದ್ದೆ. ಆಗ ಕಾರು ಕೆಂಪಗಿತ್ತು ನೋರ್ಮಾ. ಕೆಂಪಗಿದ್ದಿದ್ರೆ ಮೊದಲ ದಿನವೇ ಗುರುತು ಹಿಡೀತಿದ್ದೆ.”

ಅವನ ಅಪ್ಪ ಲೆಯಾರ್ಕೊ ಕವಾನಿ ಬೆಲ್ತ್ರಾಮಿ ಕಾರ್ಖಾನೆಯ ಕಾರುಗಳನ್ನು ಓಡಿಸಿ ಪರೀಕ್ಷೆ ಮಾಡುತ್ತಿದ್ದವನು. ಉಳಿದ ಬಿಡಿಭಾಗಗಳನ್ನು ಕೂಡಿಸಿ ತನಗೂ ಒಂದು ಕಟ್ಟಿಕೊಂಡಿದ್ದ. ಇಲ್ಲಿಯ ಹಳಬರಿಗೆಲ್ಲ ಅವನ ಸಾವು ನೆನಪಿದೆ. ಐವತ್ತೇಳರ ಚಳಿಗಾಲದಲ್ಲಿ, ಮಂಜಿನಲ್ಲಿ, ಕಾರು ಸಮೇತ ಪೋ ನದಿಗೆ ಬಿದ್ದ. ಕಾರೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ. ಪೋ ನದಿಯ ಕೆಸರು ನುಂಗಿದ್ದನ್ನು ಹಿಂದಿರುಗಿಸುವುದಿಲ್ಲ. ಸ್ಪಿಲಂಬೆರ್ತೊದ ಸ್ಮಶಾನದಲ್ಲಿ ಅವನದೊಂದು ಖಾಲಿ ಗೋರಿಯಿದೆ. ದಿರ್ಚೆ ಭಾನುವಾರ ತಪ್ಪಿಸದೆ ಹೂವಿಟ್ಟು ಬರುತ್ತಾಳೆ.

ನಾನು ಎದ್ದು ಕಾರಿನ ಹತ್ತಿರ ಹೋದೆ. ಕಳೆದ ವಾರ ಅದರ ಹೊಟ್ಟೆಯಡಿಯೆಲ್ಲ ತೆವಳಿ ನೋಡಿದವಳು ನಾನು. ಬಣ್ಣ ಬದಲಾಗಿತ್ತು, ಒಳಗಿನ ಲೋಹ ಬದಲಾಗಿರಲಿಲ್ಲ. ಪೈಪಿನ ಸಂದುಗಳಲ್ಲೂ ಕೆಸರಿನ ಕಲೆಯಿರಲಿಲ್ಲ.

“ಎರ್ಮೆಸ್, ಈ ಕಾರು ಒಂದು ದಿನವೂ ನೀರಿನಲ್ಲಿ ಮುಳುಗಿಲ್ಲ.”

“ಮುಳುಗಿದೆ. ನಾನು ನೋಡಿದ್ದೀನಲ್ಲ.”

“ನೀನು ನೋಡಿದ್ಯಾ?”

“ನಾನೇ ಸಾಕ್ಷಿ. ಪೊಲೀಸರಿಗೆ ಹೇಳಿದ್ದೂ ನಾನೇ. ಏಳು ವರ್ಷ ಆಗ.” ಅವನು ಬೆನ್ನು ನೆಟ್ಟಗೆ ಮಾಡಿ ಕೂತ. ಆಮೇಲೆ ಚರ್ಚಿನಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದ: “ಮಂಜಿತ್ತು. ಅಪ್ಪನ ಕಾರಿನ ಎರಡು ಕೆಂಪು ದೀಪ ನೀರಿಗೆ ಇಳಿದವು. ಆಮೇಲೆ ಆರಿಹೋದವು.”

“ನಿನ್ನ ಪಕ್ಕದಲ್ಲಿ ಯಾರಿದ್ರು?”

“ಅಮ್ಮ.”

“ಮನೆಯಿಂದ ನದಿ ಹತ್ತಿರವೇನಲ್ಲ. ಕಾರು ಅಪ್ಪನ ಕೈಯಲ್ಲಿತ್ತು. ನೀವಿಬ್ರೂ ಹೇಗೆ ಹೋದ್ರಿ?”

ಅವನು ಹೆಬ್ಬೆರಳಿನ ಏಣನ್ನು ಉಜ್ಜತೊಡಗಿದ.

“ತುಂಬಾ ಚಳಿಯಿತ್ತಾ? ಅಮ್ಮ ಕೂಗಿಕೊಂಡ್ಲಾ? ವಾಪಸ್ ಯಾರ ಜೊತೆ ಬಂದ್ರಿ?”

“ಗೊತ್ತಿಲ್ಲ.”

“ದೀಪ ಮಾತ್ರ ಗೊತ್ತು.”

“ದೀಪ ಗೊತ್ತು.” ಅವನ ದನಿ ಇಳಿದುಹೋಗಿತ್ತು. “ಅಮ್ಮ ದಿನಾ ಮಲಗಿಸೋವಾಗ ಕೇಳ್ತಿದ್ಲು. ಹೇಳು ಮಗಾ, ನೀನು ಏನು ನೋಡಿದೆ ಹೇಳು ಅಂತ. ನಾನು ಹೇಳ್ತಿದ್ದೆ. ತಪ್ಪಿದ್ರೆ ಅವಳೇ ತಿದ್ದುತಿದ್ಲು.”

ಮೂವತ್ತೆರಡು ವರ್ಷ ಒಂದು ನೆನಪನ್ನು ಹೊತ್ತುಕೊಂಡು ಬಂದವನಿಗೆ, ಅದು ನಿನ್ನದಲ್ಲ ಎಂದು ಹೇಳುವ ಕೆಲಸ ನನಗೆ ಯಾಕೆ ಬಂತೋ. ಬರೀ ಕಾರು ನೋಡಿ ಹೇಳಿ ಎಂದು ಕರೆದಿದ್ದರು. ಬಂಪರು ಸರಿಯಿಲ್ಲ ಎಂದು ಹೇಳಿ ಮನೆಗೆ ಹೋಗಿ ಕಾಲಿಗೆ ಬಿಸಿನೀರು ಹಾಕಿಕೊಂಡಿದ್ದರೆ ಆಗಿತ್ತು.

“ಕೇಳು,” ಎಂದೆ. “ನೀನು ದುಡ್ಡು ಹಾಕಿದ್ರೆ ಬೆಳೆಯುತ್ತೆ ಅಂತ ಬಂದೋನು. ನಾನು ಅಷ್ಟಕ್ಕೇ ಉತ್ತರ ಕೊಡ್ತೀನಿ. ಕಾಗದದ ಪ್ರಕಾರ ಈ ಕಾರು ಪೋ ನದಿಯ ತಳದಲ್ಲಿದೆ. ಅದರ ಮಾಲೀಕ ಸತ್ತಿದ್ದಾನೆ. ಇದೇ ಆ ಕಾರು ಅಂತ ಹೊರಗೆ ಬಿದ್ದ ದಿನ ಕೋರ್ಟಿನವರು ಬಂದು ಬೀಗ ಹಾಕ್ತಾರೆ. ಸಬೀನಾ ಅಜ್ಜಿಯಾಗೋ ಹೊತ್ತಿಗೆ ಬಿಡಿಸ್ಕೋಬಹುದು. ತಗೋಬೇಡ. ಪೀಪಾಯಿಗಳನ್ನ ವಾಪಸ್ ಅಟ್ಟಕ್ಕೆ ಹತ್ತಿಸು.”

“ಈಗ ತಗೊಳ್ಳಲೇಬೇಕು ನೋರ್ಮಾ.”

“ಮೊಂಡು ಬುದ್ಧಿ ಅಂದ್ರೆ ಇದೇ.”

“ಅಪ್ಪನ ಕಾರು ಇದು. ನಾನು ಮೊಳೆ ಹಿಡಿದ ಕಾರು. ಬೆಲೆ ಬಿದ್ರೆ ಬೀಳ್ಲಿ. ಬೀಗ ಹಾಕಿದ್ರೆ ಹಾಕ್ಲಿ. ಯಾರೋ ಜೂರಿಕ್‌ನೋನು ಬಂದು ಇದನ್ನ ಹೊಡ್ಕೊಂಡು ಹೋಗೋದನ್ನ ನಿಂತು ನೋಡ್ಲಾ?”

ಜೂರಿಕ್. ಅದನ್ನು ಕೇಳಿದ ಕೂಡಲೇ ನಾನು ರೊವಾತ್ತಿಯ ಕಡೆ ತಿರುಗಿದೆ. ಅವನು ಆಗಲೇ ಬಾಗಿಲ ಹತ್ತಿರಕ್ಕೆ ಸರಿದಿದ್ದ.

“ರೊವಾತ್ತಿ. ನಾನು ಒಂದು ತೂತು ಅಂದೆ. ಎರಡಿಲ್ವಾ ಅಂದ್ರಿ. ನಿಮ್ಮ ಹೊಟ್ಟೆ ಇಟ್ಕೊಂಡು ನೀವು ಆ ಡ್ಯಾಶ್‌ಬೋರ್ಡಿನ ಕೆಳಗೆ ಇಳಿದಿಲ್ಲ. ಯಾರು ಹೇಳಿದ್ರು?”

“ವ್ಯಾಪಾರದ ಗುಟ್ಟು ಸಿನ್ಯೋರಾ.”

“ಪೊಲೀಸ್ ಠಾಣೆಯಲ್ಲಿ ಗುಟ್ಟು ಇರಲ್ಲ. ನನ್ನ ತಂಗಿ ಮಗ ಅಲ್ಲೇ ಇದ್ದಾನೆ, ಫೋನ್ ಮಾಡ್ಲಾ? ಸತ್ತೋನ ಕಾರನ್ನ ಬ್ರಹ್ಮಚಾರಿ ಕಾರು ಅಂತ ಮಾರ್ತಿದ್ದಾರೆ ಅಂತ ಹೇಳ್ತೀನಿ.”

ನನಗೆ ತಂಗಿಯೇ ಇಲ್ಲ. ರೊವಾತ್ತಿಗೆ ಅದು ಗೊತ್ತಿರಲಿಲ್ಲ. ಅವನು ಹಣೆ ಒರೆಸಿಕೊಂಡ.

“ಜೂರಿಕ್‌ನ ಗಿರಾಕಿ,” ಎಂದ. “ಸುಳ್ಳಲ್ಲ ಅವನು, ನಿಜವಾಗ್ಲೂ ಇದ್ದಾನೆ. ಪತ್ರಿಕೇಲಿ ಜಾಹೀರಾತು ನೋಡಿ ಫೋನ್ ಮಾಡಿದ. ಎಂಜಿನ್ ಹೇಗಿದೆ ಅಂತ ಕೇಳ್ಲಿಲ್ಲ, ಬೆಲೆ ಎಷ್ಟು ಅಂತ ಕೇಳ್ಲಿಲ್ಲ. ಒಂದೇ ಪ್ರಶ್ನೆ. ಡ್ಯಾಶ್‌ಬೋರ್ಡಿನ ಹಿಂದೆ ಎರಡು ತೂತು ಇವೆಯಾ, ಒಂದು ನೆಟ್ಟಗೆ, ಒಂದು ಸೊಟ್ಟ? ನಾನು ಮುಂದಿನಿಂದ ನೋಡಿದೆ, ಏನೂ ಕಾಣ್ಲಿಲ್ಲ.”

“ಏನು ಹೇಳಿದ್ರಿ?”

“ಇದೆ ಅಂದ್ಬಿಟ್ಟೆ. ಗಿರಾಕಿ ಇದೆಯಾ ಅಂತ ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ? ‘ಹಾಗಾದ್ರೆ ನಾನೇ ಬರ್ತೀನಿ’ ಅಂದ.”

“ದನಿ ಹೇಗಿತ್ತು?”

“ವಯಸ್ಸಾದ ದನಿ. ಇಟಾಲಿಯನ್ನೇ ಮಾತಾಡಿದ.” ರೊವಾತ್ತಿ ನೆಲ ನೋಡಿದ. ಸೊಟ್ಟ ಮೊಳೆಯ ಸುದ್ದಿ ಬಲ್ಲ ವಯಸ್ಸಾದ ಗಂಡಸು ಒಬ್ಬನೇ, ಆ ಖಾಲಿ ಗೋರಿಯವನು; ಅವನ ಗುಟ್ಟು ಹೊರಬೀಳದಿರಲೆಂದೇ ದಿರ್ಚೆ “ಆ ಕಾರು ತಗೋ” ಎಂದಿದ್ದಳು.